ಬಾಯಿ ಬಿಟ್ಟು ಓದಿದ ವರ್ಷ

ವರ್ಷದ ಕೊನೆಯ ಸಂಚಿಕೆ ಅಂತ ಈ ಸಲ ಪುಸ್ತಕದ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇನೆ. ಗ್ಯಾಸ್ಟ್ರಿಕ್, ಸೊಸೆ, ಸೈಟಿನ ಖಾತೆ, ಇವುಗಳ ಬಗ್ಗೆ ಕೇಳಿದವರು ದಯವಿಟ್ಟು ಜನವರಿವರೆಗೆ ತಡೆದುಕೊಳ್ಳಿ. 2025 ಕನ್ನಡದ ಓದುಗರಿಗೆ ಸುಮ್ನೆ ಹೋದ ವರ್ಷವಲ್ಲ, ಹಾಗಾಗಿ ಪತ್ರಗಳೂ ಜಾಸ್ತಿ ಬಂದಿವೆ.

ಪ್ರ: ಈ ವರ್ಷ ನಾನು 52 ಪುಸ್ತಕ ಓದಿದೆ, ವಾರಕ್ಕೊಂದರಂತೆ. ನೀವು ಎಷ್ಟು ಓದಿದಿರಿ?
(ದಾವಣಗೆರೆಯ ಇಂಜಿನಿಯರ್ ಒಬ್ಬರು)

ಉ: ಪೂರ್ತಿ ಓದಿದ್ದು 19. ಅರ್ಧಕ್ಕೆ ಬಿಟ್ಟಿದ್ದು 11. ಕೊಂಡು ತಂದು ಕವರ್ ಕೂಡ ಬಿಚ್ಚದೆ ಇಟ್ಟಿದ್ದು ಎಷ್ಟು ಅಂತ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ. ನಿಮ್ಮ 52ಕ್ಕೆ ಅಭಿನಂದನೆ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಆದರೆ ಒಂದು ಮಾತು ಕೇಳಲಾ? ಮಾರ್ಚ್ ತಿಂಗಳಲ್ಲಿ ಓದಿದ ನಾಲ್ಕು ಪುಸ್ತಕಗಳಲ್ಲಿ ಯಾವುದಾದರೂ ಒಂದು ಪಾತ್ರದ ಹೆಸರು, ಪಟ್ಟಿ ನೋಡದೆ ಹೇಳಿ ನೋಡೋಣ. ನಾನು ಈ ಪರೀಕ್ಷೆ ನನಗೇ ಮಾಡಿಕೊಂಡು ಫೇಲ್ ಆದೆ. ನನ್ನ ಡೈರಿಯಲ್ಲಿ ಫೆಬ್ರುವರಿಯ ಒಂದು ಪುಸ್ತಕದ ಮುಂದೆ ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದೆ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ. ಅದರಲ್ಲಿ ಏನಿತ್ತು ಅಂತ ದೇವರಾಣೆ ನೆನಪಿಲ್ಲ. ಅದೇ ಆಗಸ್ಟ್‌ನಲ್ಲಿ ಶುರು ಮಾಡಿದ ಒಂದು ಪುಸ್ತಕ ಸಾಲು ಸಾಲಾಗಿ ನೆನಪಿದೆ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲಿ ಹೇಳುತ್ತೇನೆ.

ಪ್ರ: ವರ್ಷದ ನಿಮ್ಮ ಮೆಚ್ಚಿನ ಪುಸ್ತಕ ಯಾವುದು? ಒಂದೇ ಒಂದು ಹೇಳಬೇಕು. ಜಾರಿಕೊಳ್ಳಬಾರದು.
(ಚಿಕ್ಕಮಗಳೂರಿನ ಗೃಹಿಣಿ)

ಉ: ಜಾರಿಕೊಳ್ಳುವುದಿಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ಹೌದು, 1970ರ ಪುಸ್ತಕ, ಹೊಸದಲ್ಲ. ಕಾಲೇಜಿನಲ್ಲಿದ್ದಾಗ ಒಂದು ಸಲ ಓದಿದ್ದೆ, ಬಸ್ಸಿನಲ್ಲಿ, ಮೂರು ದಿನದಲ್ಲಿ. ಕಣ್ಣೀರು ಬಂದಿತ್ತು, ಅಷ್ಟೇ. ಈ ವರ್ಷ ಅದನ್ನು ಓದಿದ್ದು ಬೇರೆ ಥರ.

ನಮ್ಮ ಅಮ್ಮನಿಗೆ 78. ಜುಲೈನಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದೆವು, ಆಗಸ್ಟ್‌ನಲ್ಲಿ ಇನ್ನೊಂದು. ಹಳೆಯ ಕನ್ನಡಕ ಕೆಲಸಕ್ಕೆ ಬರುವುದಿಲ್ಲ, ಕಣ್ಣು ಹದಕ್ಕೆ ಬರುವವರೆಗೆ ಹೊಸದು ಬರೆದುಕೊಡುವುದಿಲ್ಲ. ದಿನಕ್ಕೆ ಒಂದು ವಾರಪತ್ರಿಕೆಯನ್ನಾದರೂ ಅಂಚಿನಿಂದ ಅಂಚಿಗೆ ಓದುತ್ತಿದ್ದ ಹೆಂಗಸು, ಕಣ್ಣಿಗೆ ಡ್ರಾಪ್ಸ್ ಹಾಕಿಸಿಕೊಂಡು ಸೋಫಾ ಮೇಲೆ ಸುಮ್ನೆ ಕೂತಿರುತ್ತಿದ್ದರು. ಟಿವಿ ಹಾಕಿದರೆ ಐದು ನಿಮಿಷಕ್ಕೆ ‘ಆರಿಸು, ಬರೀ ಕಿರುಚಾಟ’ ಅನ್ನುತ್ತಿದ್ದರು. ಒಂದು ಸಂಜೆ ನಾನೇ ಬೀರುವಿನಿಂದ ಕೈಗೆ ಸಿಕ್ಕ ದಪ್ಪ ಪುಸ್ತಕ ತೆಗೆದು, ‘ಓದಲಾ?’ ಅಂದೆ. ‘ಓದು, ನಿದ್ದೆ ಬಂದರೆ ಬೈಬೇಡ’ ಅಂದರು.

ನಿದ್ದೆ ಬರಲಿಲ್ಲ. ಓದಿದವರಿಗೆ ಗೊತ್ತು, ಆ ಕಾದಂಬರಿಯಲ್ಲಿ ಗಂಗಮ್ಮ ಅಂತ ಒಬ್ಬ ಅತ್ತೆ ಇದ್ದಾಳೆ. ಆಕೆ ಬಾಯಿ ತೆಗೆದರೆ ಬೈಗುಳ. ಮಕ್ಕಳಾದ ಚೆನ್ನಿಗರಾಯ, ಅಪ್ಪಣ್ಣಯ್ಯ ಕೂಡ ಅದೇ ಶಾಲೆಯಲ್ಲಿ ಕಲಿತವರು. ಕಣ್ಣಲ್ಲಿ ಓದುವಾಗ ನಾವು ಬೈಗುಳವನ್ನು ಹಾರಿಸಿಕೊಂಡು ಹೋಗುತ್ತೇವೆ, ಅಲ್ವಾ? ಬಾಯಿ ಬಿಟ್ಟು ಓದುವಾಗ ಹಾಗೆ ಆಗುವುದಿಲ್ಲ. ಮೊದಲ ದಿನ ನಾನು ನಾಚಿಕೊಂಡು ಮೆಲ್ಲಗೆ ಗೊಣಗಿದೆ. ಅಮ್ಮ ತಡೆದರು. ‘ಹಾಗಲ್ಲ ಕಣೇ ಬೈಯೋದು. ಗಂಗಮ್ಮ ಏನು ಪೂಜೆ ಮಾಡ್ತಿದ್ದಾಳಾ?’ ಆಮೇಲೆ ಅವರೇ ಒಂದು ಸಲ ಬೈದು ತೋರಿಸಿದರು. ತಿಪಟೂರು ಕಡೆಯವರು ಅವರು. ಆ ಬೈಗುಳದ ಏರಿಳಿತ, ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು, ಅದೆಲ್ಲ ಅವರಿಗೆ ಗೊತ್ತು, ಆದರೆ ನನ್ನ ಜೀವಮಾನದಲ್ಲಿ ಅವರ ಬಾಯಲ್ಲಿ ಕೇಳಿರಲಿಲ್ಲ. ನಾಲ್ಕನೇ ದಿನಕ್ಕೆ ನಾನೂ ಪಳಗಿದೆ. ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕಾಗ ‘ಮನೆಯಲ್ಲಿ ಎಲ್ಲ ಸರಿ ಇದೆಯಾ?’ ಅಂತ ಮೆಲ್ಲಗೆ ಕೇಳಿದರು. ಅವರಿಗೆ ಪುಸ್ತಕ ತಂದು ತೋರಿಸಬೇಕಾಯಿತು.

ಓದು ನಿಧಾನವಾಯಿತು. ಒಂದು ಸಂಜೆಗೆ ಹತ್ತು ಪುಟ, ಕೆಲವು ದಿನ ಮೂರೇ ಪುಟ. ಯಾಕೆಂದರೆ ಗಂಗಮ್ಮನ ಸೊಸೆ, ಚೆನ್ನಿಗರಾಯನ ಹೆಂಡತಿ ನಂಜಮ್ಮ ಮುತ್ತುಗದ ಎಲೆ ಹಚ್ಚಿ ಮಾರಿ ಸಂಸಾರ ತೂಗಿಸುವ ಭಾಗ ಬಂದಾಗ ಅಮ್ಮ ನಿಲ್ಲಿಸಿ ಎಲೆಯ ಕಥೆ ಶುರು ಮಾಡಿದರು. ಯಾವ ಎಲೆ ಎಳೆಯದು, ಯಾವುದು ಬಲಿತದ್ದು, ಬಿಸಿಲಿಗೆ ಎಷ್ಟು ಹೊತ್ತು ಇಡಬೇಕು, ಕಡ್ಡಿ ಚುಚ್ಚುವಾಗ ಎಲೆ ಸೀಳದ ಹಾಗೆ ಹೆಬ್ಬೆರಳು ಎಲ್ಲಿರಬೇಕು. ಮಾತಾಡುತ್ತಾ ಮಾತಾಡುತ್ತಾ ಅವರ ಕೈ ಗಾಳಿಯಲ್ಲೇ ಎಲೆ ಹಚ್ಚುತ್ತಿತ್ತು. ಭೈರಪ್ಪನವರು ಅದನ್ನು ಬರೆದಿದ್ದಾರೆ, ಆದರೆ ನನಗೆ ಆ ಹೆಬ್ಬೆರಳು ಕಂಡಿದ್ದು ಅಮ್ಮನ ಕೈಯಲ್ಲಿ. ಚೆನ್ನಿಗರಾಯ ಹೆಂಡತಿ ಮಕ್ಕಳ ಹೊಟ್ಟೆ ನೋಡದೆ ತಾನು ತಿಂದು ತೇಗುವ ಜಾಗ ಬಂದಾಗಲೆಲ್ಲ ‘ಇವನಿಗೆ ಒಂದು ದಿನವಾದ್ರೂ ಅನ್ನ ಹಾಕದೆ ಕೂರಿಸಬೇಕಿತ್ತು ಆ ಪುಣ್ಯಾತ್ಗಿತ್ತಿ’ ಅಂತ ಶಾಪ.

ಪ್ಲೇಗಿನ ಅಧ್ಯಾಯ ಮಾತ್ರ ಓದಲು ಆಗಲಿಲ್ಲ. ನಂಜಮ್ಮನ ಮಕ್ಕಳು ಪಾರ್ವತಿ, ರಾಮಣ್ಣ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರಲ್ಲ, ಅಲ್ಲಿ. ಕಣ್ಣಲ್ಲಿ ಓದುವಾಗ ಅತ್ತರೂ ಓದು ಮುಂದೆ ಹೋಗುತ್ತದೆ. ಗಟ್ಟಿಯಾಗಿ ಓದುವಾಗ ಗಂಟಲು ಕಟ್ಟಿದರೆ ಕಥೆಯೇ ನಿಂತುಹೋಗುತ್ತದೆ. ಎರಡು ದಿನ ಬಿಟ್ಟೆವು. ಅಮ್ಮ ಅವರ ಅಜ್ಜಿಯಿಂದ ಕೇಳಿದ್ದನ್ನು ಹೇಳಿದರು: ಮನೆಯಲ್ಲಿ ಇಲಿ ಬಿತ್ತು ಅಂದರೆ ಸಾಕು, ಪಾತ್ರೆ ಪಗಡ ಕಟ್ಟಿಕೊಂಡು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಗೊತ್ತು, ಅವರ ತಾಯಿಯೂ ಪ್ಲೇಗಿಗೆ ಹೋದವರು. ಅದು ಗೊತ್ತಿದ್ದೂ ಕಾಲೇಜಿನಲ್ಲಿ ನಾನು ಅದನ್ನು ಬಸ್ಸಿನಲ್ಲಿ ಪುಟ ತಿರುಗಿಸಿಕೊಂಡು ಓದಿದ್ದೆ!

ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಬಂದಾಗ ನಮಗೆ ಇನ್ನೂ ಸುಮಾರು ನಲವತ್ತು ಪುಟ ಬಾಕಿ ಇತ್ತು. ಅಮ್ಮ ಟಿವಿ ನೋಡಿ ಏನೂ ಅನ್ನಲಿಲ್ಲ. ಸಂಜೆ ‘ಓದು’ ಅಂದರು. ಓದಿದೆ.

ಪ್ರ: ಹಾಗಾದರೆ ನೀವು ಭೈರಪ್ಪನವರ ಅಭಿಮಾನಿ ಅಂತಾಯಿತು. ಹೋದ ವರ್ಷ ಅವರನ್ನು ಟೀಕೆ ಮಾಡಿ ಬರೆದಿದ್ದಿರಿ!
(ಮೈಸೂರಿನಿಂದ, ಕಾರ್ಡಿನಲ್ಲಿ)

ಉ: ನಿಮ್ಮ ನೆನಪಿನ ಶಕ್ತಿ ದೊಡ್ಡದು. ಟೀಕೆ ಈಗಲೂ ಹಾಗೇ ಇದೆ. ‘ಆವರಣ’ ನನಗೆ ಕಾದಂಬರಿಗಿಂತ ಹೆಚ್ಚಾಗಿ ವಾದ ಅನ್ನಿಸುತ್ತದೆ, ಪಾತ್ರಗಳು ಮಾತಾಡುವಾಗ ಹಿಂದೆ ಲೇಖಕರ ಕೈ ಕಾಣುತ್ತದೆ. ಅದನ್ನು ಅಮ್ಮನಿಗೆ ಗಟ್ಟಿಯಾಗಿ ಓದಿಹೇಳಲು ನನ್ನಿಂದ ಆಗುವುದಿಲ್ಲ. ‘ಗೃಹಭಂಗ’ದಲ್ಲಿ ಲೇಖಕರು ಎಲ್ಲಿದ್ದಾರೆ ಅಂತ ಹುಡುಕಿದರೂ ಸಿಗುವುದಿಲ್ಲ. ಒಬ್ಬ ಲೇಖಕನ ಎಲ್ಲ ಪುಸ್ತಕಕ್ಕೂ ಒಂದೇ ಮಾರ್ಕ್ಸ್ ಕೊಡಬೇಕು ಅಂತ ಎಲ್ಲೂ ಕಾನೂನಿಲ್ಲವಲ್ಲ.

ಪ್ರ: ಬಾನು ಮುಷ್ತಾಕ್ ಅವರಿಗೆ ಬೂಕರ್ ಬಂದ ಮೇಲೆ ಟೊರಾಂಟೋದಲ್ಲಿರುವ ಮಗಳು ‘ಹಾರ್ಟ್ ಲ್ಯಾಂಪ್’ ಇಂಗ್ಲಿಷಿನಲ್ಲಿ ಓದಿದಳು. ನಾನು ಕನ್ನಡದಲ್ಲೇ ಓದಿದೆ. ಯಾವುದು ಒಳ್ಳೆಯದು ಅಂತ ಫೋನಿನಲ್ಲಿ ದಿನಾ ಜಗಳ. ನೀವೇ ತೀರ್ಪು ಕೊಡಿ.
(ಮೈಸೂರಿನ ನಿವೃತ್ತ ಶಿಕ್ಷಕಿ)

ಉ: ಅಮ್ಮ ಮಗಳ ಜಗಳದಲ್ಲಿ ತೀರ್ಪು ಕೊಟ್ಟವರು ಯಾರೂ ಉದ್ಧಾರವಾಗಿಲ್ಲ. ಆದರೂ ಗೊತ್ತಿದ್ದಷ್ಟು ಹೇಳುತ್ತೇನೆ. ಮೇ 20ಕ್ಕೆ ಲಂಡನ್ನಿನಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಿದ್ದು ಇಬ್ಬರಿಗೆ, ಬರೆದ ಬಾನು ಮುಷ್ತಾಕ್ ಮತ್ತು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ. 50 ಸಾವಿರ ಪೌಂಡ್ ಬಹುಮಾನವೂ ಇಬ್ಬರಿಗೂ ಸಮ. ಕಥಾಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು, ಕನ್ನಡಕ್ಕೂ ಅದೇ ಮೊದಲು. ಅದರಲ್ಲಿರುವುದು 12 ಕಥೆ, ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಬರೆದವುಗಳಿಂದ ಆರಿಸಿದ್ದು. ನಿಮ್ಮ ಮಗಳು ಓದಿದ್ದು ಬೇರೊಬ್ಬರು ಆರಿಸಿ ಜೋಡಿಸಿದ ಪುಸ್ತಕ, ನೀವು ಓದಿದ್ದು ಬೇರೆ ಸಂಕಲನ. ಅರ್ಧ ಜಗಳ ಅಲ್ಲೇ ಮುಗಿಯಿತು.

ದೀಪಾ ಭಾಸ್ತಿ ಅವರು ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರದಲ್ಲಿ ಹಾಕಿಲ್ಲ, ಅಡಿಟಿಪ್ಪಣಿಯನ್ನೂ ಕೊಟ್ಟಿಲ್ಲ. ಗೊತ್ತಾಗದಿದ್ದರೆ ಇಂಗ್ಲಿಷ್ ಓದುಗರು ಕೇಳಿ ತಿಳಿದುಕೊಳ್ಳಲಿ ಅನ್ನುವ ಧೈರ್ಯ ಅದು, ನನಗೆ ಇಷ್ಟವಾಯಿತು. ನಿಮ್ಮ ಮಗಳಿಗೆ ಕೇಳಲು ನೀವಿದ್ದೀರಲ್ಲ.

ನಮ್ಮ ಮನೆಯಲ್ಲಿ ಅಕ್ಟೋಬರ್‌ನಲ್ಲಿ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆ ಓದಿದೆ. ಒಬ್ಬ ಹೆಂಗಸು ದೇವರ ಜೊತೆ ನೇರ ಮಾತಿಗೆ ಕೂರುವ ಕಥೆ. ಕಣ್ಣಲ್ಲಿ ಓದಿದಾಗ ಅದು ಅರ್ಜಿಯ ಹಾಗೆ ಇತ್ತು. ಗಟ್ಟಿಯಾಗಿ ಓದಿದಾಗ ಅರ್ಜಿ ಹೋಗಿ ಕಟಕಟೆ ಆಯಿತು, ಅದರಲ್ಲಿ ನಿಂತವನು ಅವನು. ಬಾನು ಅವರು ವಕೀಲೆ ಅನ್ನುವುದು ಆಗ ನೆನಪಾಯಿತು. ಅಮ್ಮ ದಿನಾ ಬೆಳಿಗ್ಗೆ ಒಂದು ಗಂಟೆ ಪೂಜೆ ಮಾಡುವವರು. ಕೇಳಿ ಮುಗಿದ ಮೇಲೆ ಬಹಳ ಹೊತ್ತು ಬಿಟ್ಟು, ‘ಗಂಗಮ್ಮ ಸೊಸೇಗೆ ಬೈತಿದ್ಲು. ಇವಳು ಬೈಬೇಕಾದವನಿಗೇ ಬೈದಿದ್ದಾಳೆ’ ಅಂದರು. ಇಷ್ಟು ಚಿಕ್ಕ ವಿಮರ್ಶೆ ನಾನು ಎಲ್ಲೂ ಓದಿಲ್ಲ.

ಇನ್ನೊಂದು ವಿಷಯ, ಯಾರೂ ಜಾಸ್ತಿ ಹೇಳದೆ ಇದ್ದಿದ್ದು. ಭೈರಪ್ಪನವರ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರ. ಬಾನು ಮುಷ್ತಾಕ್ ಅವರದು ಹಾಸನ. ಒಂದೇ ಜಿಲ್ಲೆ! ಸೆಪ್ಟೆಂಬರ್ 22ಕ್ಕೆ ಬಾನು ಅವರು ದಸರಾ ಉದ್ಘಾಟನೆ ಮಾಡಿದರು, ಅದಾಗಿ ಎರಡು ದಿನಕ್ಕೆ ಭೈರಪ್ಪನವರು ಹೋದರು. ಇಬ್ಬರ ವಿಚಾರಕ್ಕೂ ಆಕಾಶ ಭೂಮಿಯ ಅಂತರ, ಇಬ್ಬರ ಹೆಸರಿನಲ್ಲೂ ಜನ ಬಡಿದಾಡಿಕೊಂಡರು. ಆದರೆ ನಂಜಮ್ಮನ ಅಡಿಗೆಮನೆಯಿಂದ ಬಾನು ಅವರ ಕಥೆಗಳ ಹೆಂಗಸರ ಅಡಿಗೆಮನೆಗೆ ಎಷ್ಟು ದೂರ ಅಂತ ಒಮ್ಮೆ ಎರಡನ್ನೂ ಒಟ್ಟಿಗೆ ಓದಿ ನೋಡಿ. ಗೋಡೆ ಒಂದೇ ಇರುವುದು.

ಪ್ರ: ಕೊಟ್ಟ ಪುಸ್ತಕ ಯಾರೂ ವಾಪಸ್ ಕೊಡುವುದಿಲ್ಲ. ಏನು ಮಾಡಲಿ?
(ಶಿರಸಿ)

ಉ: ಚಪ್ಪಲಿ ಸ್ಟ್ಯಾಂಡ್ ಪಕ್ಕ ಒಂದು ನೋಟ್‌ಬುಕ್ ನೇತುಹಾಕಿ. ತೆಗೆದುಕೊಂಡು ಹೋಗುವವರು ತಮ್ಮ ಕೈಯಿಂದಲೇ ಹೆಸರು, ತಾರೀಕು ಬರೆಯಲಿ. ತಮ್ಮ ಅಕ್ಷರ ನೋಡಿದಾಗ ಜನಕ್ಕೆ ಸ್ವಲ್ಪ ನಾಚಿಕೆ ಆಗುತ್ತದೆ. ಇದಕ್ಕಿಂತ ಹೆಚ್ಚು ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ, ಯಾಕೆಂದರೆ ನನ್ನ ಬೀರುವಿನಲ್ಲಿ ನಾನು ಓದಿದ ಕಾಲೇಜಿನ ಲೈಬ್ರರಿಯ ಒಂದು ಪುಸ್ತಕ ಇದೆ. ಹಿಂದಿನ ಪುಟದಲ್ಲಿ ಚೀಟಿ, ವಾಪಸ್ ಕೊಡಬೇಕಾದ ತಾರೀಕು 1994ರದು.

ಪ್ರ: ‘ಕುಸುಮಬಾಲೆ’ ಓದಲು ಮೂರು ಸಲ ಕೂತೆ. ನಾವು ಧಾರವಾಡದ ಕಡೆಯವರು. ಒಂದು ಪುಟವೂ ತಲೆಗೆ ಹತ್ತಲಿಲ್ಲ. ಎಲ್ಲರೂ ಹೊಗಳುತ್ತಾರೆ ಅಂತ ನಾನೂ ಹೊಗಳಬೇಕಾ?
(ಹುಬ್ಬಳ್ಳಿಯ ಬ್ಯಾಂಕ್ ನೌಕರ)

ಉ: ಬೇಡ. ಸುಳ್ಳು ಹೊಗಳಿಕೆ ಯಾವ ಪುಸ್ತಕಕ್ಕೂ ಒಳ್ಳೆಯದಲ್ಲ. ಆದರೆ ಬಿಡುವ ಮುಂಚೆ ಒಂದು ಪ್ರಯೋಗ ಮಾಡಿ. ದೇವನೂರ ಮಹಾದೇವ ಅವರು ಆ ಪುಸ್ತಕವನ್ನು 1984ರಲ್ಲಿ ಕಣ್ಣಿಗಾಗಿ ಬರೆದಿಲ್ಲ, ಕಿವಿಗೆ ಬರೆದಿದ್ದಾರೆ. ನಂಜನಗೂಡು, ಚಾಮರಾಜನಗರದ ಕಡೆ ಬಾಯಿಂದ ಹೇಗೆ ಬರುತ್ತದೋ ಹಾಗೆ. ಅಲ್ಲಿ ಪದ ಒಂದರೊಳಗೊಂದು ಸೇರಿಕೊಂಡಿರುತ್ತವೆ, ಕಣ್ಣು ಅದನ್ನು ಬಿಡಿಸಲು ಹೋಗಿ ಸೋಲುತ್ತದೆ. ನಾನೂ ಸೋತಿದ್ದೆ.

ಈ ನವೆಂಬರ್‌ನಲ್ಲಿ ಏನಾಯಿತು ಅಂದರೆ, ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿ ಪಾಳಿ ಮಾಡುವವರು ನಂಜನಗೂಡಿನ ಕಡೆಯವರು. ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು, ಮೂರು ಮಹಡಿ ಹತ್ತುವ ಸೋಮಾರಿತನಕ್ಕೆ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಕೈಯಲ್ಲಿ ಈ ಪುಸ್ತಕ. ಮೊಬೈಲ್ ಲೈಟಿನಲ್ಲಿ, ರಾತ್ರಿ ಹೊತ್ತು ಜೋತಮ್ಮಗಳು, ಅಂದರೆ ಮನೆಮನೆಯ ದೀಪಗಳು, ಒಂದು ಕಡೆ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಭಾಗವನ್ನು ಓದಿದೆ. ಎರಡು ಸಾಲಿಗೆ ಅವರು ನಕ್ಕರು. ನಾನು ತಪ್ಪಾಗಿ ಒಡೆದು ಓದುತ್ತಿದ್ದೆ. ಅವರು ಪುಸ್ತಕ ಇಸಕೊಂಡು, ಅಕ್ಷರ ಕೂಡಿಸಿಕೊಂಡು, ನಿಧಾನವಾಗಿ ಓದಿದರು. ಐದನೇ ಸಾಲಿಗೆ ಅದು ಓದುವುದು ಹೋಗಿ ಹೇಳುವುದಾಯಿತು. ‘ಇದು ನಮ್ಮೂರ್ ಮಾತಲ್ವಾ ಅಮ್ಮಾವ್ರೆ, ಇದ್ನೆಲ್ಲಾ ಬುಕ್ಕಲ್ಲಿ ಬರ್ದವ್ರಾ?’ ಅಂತ ಕೇಳಿದರು. ಕರೆಂಟ್ ಬಂದು ಲಿಫ್ಟ್ ಶುರುವಾದರೂ ನಾವಿಬ್ಬರೂ ಏಳಲಿಲ್ಲ.

ನಿಮಗೆ ಹುಬ್ಬಳ್ಳಿಯಲ್ಲಿ ಆ ಕಡೆಯವರು ಒಬ್ಬರಾದರೂ ಸಿಗುತ್ತಾರೆ, ನಿಮ್ಮ ಬ್ಯಾಂಕಿಗೇ ವರ್ಗವಾಗಿ ಬಂದವರು ಇರಬಹುದು. ಒಂದೇ ಪುಟ ಓದಿಸಿ ಕೇಳಿ. ನನಗೂ ನಿಮ್ಮ ಕಡೆಯ ಕಾದಂಬರಿ ‘ಗ್ರಾಮಾಯಣ’ದ ಮಾತುಗಳು ಕಿವಿಗೆ ಬಿದ್ದಿದ್ದು ವಿಜಯಪುರದ ಗೆಳತಿ ಓದಿ ತೋರಿಸಿದ ಮೇಲೆ. ಅಷ್ಟು ಮಾಡಿಯೂ ಹಿಡಿಸದಿದ್ದರೆ ಬಿಡಿ. ಪುಸ್ತಕವೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರ: ನಾನು ಕ್ಯಾಬ್ ಓಡಿಸುತ್ತೇನೆ. ಈ ವರ್ಷ ಆರು ಕಾದಂಬರಿ ಆಡಿಯೋದಲ್ಲಿ ಕೇಳಿದೆ. ಹೆಂಡತಿ ‘ಅದು ಓದು ಅಲ್ಲ’ ಅನ್ನುತ್ತಾಳೆ. ಲೆಕ್ಕಕ್ಕೆ ಬರುತ್ತಾ ಇಲ್ವಾ?
(ಬೆಂಗಳೂರು)

ಉ: ಬರುತ್ತೆ ಸ್ವಾಮಿ, ಪೂರ್ತಿ ಬರುತ್ತೆ. ನಿಮ್ಮ ಹೆಂಡತಿಗೆ ಗಮಕದ ವಿಷಯ ಹೇಳಿ. ಒಬ್ಬರು ರಾಗವಾಗಿ ಕುಮಾರವ್ಯಾಸನ ಭಾರತ ವಾಚಿಸುವುದು, ಪಕ್ಕದಲ್ಲಿ ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ಊರಿನವರೆಲ್ಲ ಕೂತು ಕೇಳುವುದು. ಶಿವಮೊಗ್ಗದ ಹತ್ತಿರ ಹೊಸಹಳ್ಳಿಯಲ್ಲಿ ಈಗಲೂ ಗಮಕ ಕಲಿಯುತ್ತಾರೆ, ಕಲಿಸುತ್ತಾರೆ. ಭಾಮಿನಿ ಷಟ್ಪದಿಯನ್ನು ಯಾರೂ ಬಾಯಿ ಮುಚ್ಚಿಕೊಂಡು ಓದಲಿ ಅಂತ ಬರೆಯಲಿಲ್ಲ. ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ಕರ್ಣಪರ್ವದ ಪದ್ಯ ತಪ್ಪಾಗಿ ಹೇಳಿದರೆ ಒಳಗಿನಿಂದಲೇ ತಿದ್ದುತ್ತಿದ್ದರು. ಅವರನ್ನು ಓದುಗರ ಲೆಕ್ಕದಿಂದ ತೆಗೆಯಲು ನಾನಂತೂ ತಯಾರಿಲ್ಲ. ಬಾಯಿ ಮುಚ್ಚಿ ಒಬ್ಬೊಬ್ಬರೇ ಓದಿಕೊಳ್ಳುವ ಚಟ ಈಚಿನದು.

ಒಂದು ವಿಷಯ ಮಾತ್ರ: ಸ್ಪೀಡ್ ಒಂದೂವರೆ ಪಟ್ಟು ಮಾಡಿಕೊಂಡು ಕೇಳಬೇಡಿ. ಹಾಗೆ ಕೇಳಿದರೆ ನೀವೂ ದಾವಣಗೆರೆಯ ಇಂಜಿನಿಯರ್ ಸಾಹೇಬರ ಕ್ಲಬ್ಬಿಗೆ ಸೇರುತ್ತೀರಿ.

ಪ್ರ: ಮಗನಿಗೆ ಒಂಬತ್ತು ವರ್ಷ, ಇಂಗ್ಲಿಷ್ ಮೀಡಿಯಂ. ಕನ್ನಡ ಪುಸ್ತಕ ಕೊಟ್ಟರೆ ಮುಟ್ಟುವುದಿಲ್ಲ. ಬೈದೂ ಆಯಿತು, ಚಾಕೊಲೇಟ್ ಕೊಟ್ಟೂ ಆಯಿತು.
(ತುಮಕೂರು)

ಉ: ಕೊಡಬೇಡಿ. ಅವನ ಪಕ್ಕದಲ್ಲಿ ಕೂತು ನೀವು ಓದಿ. ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಿಂದ ಶುರು ಮಾಡಿ. ಬ್ರೌನಿಂಗ್‌ನ ಇಂಗ್ಲಿಷ್ ಪದ್ಯವನ್ನು ಇಟ್ಟುಕೊಂಡು ಕುವೆಂಪು ಬರೆದಿದ್ದು, ಆದರೆ ಇಲಿಗಳೆಲ್ಲ ಪಕ್ಕಾ ನಮ್ಮವು. ಇಲಿಗಳ ಕಾಟದ ಸಾಲುಗಳನ್ನು ಉಸಿರು ಬಿಡದೆ ಓದಿ, ಎಲ್ಲಿ ಉಸಿರು ನಿಲ್ಲುತ್ತದೋ ಅಲ್ಲಿ ಅವನು ನಗುತ್ತಾನೆ. ಆಮೇಲೆ ತೇಜಸ್ವಿಯವರ ‘ಪರಿಸರದ ಕಥೆ’. ದಿನಕ್ಕೆ ಹತ್ತೇ ನಿಮಿಷ. ಕಥೆ ಬಿಗಿಯಾದ ಜಾಗದಲ್ಲಿ ‘ಅಯ್ಯೋ, ಒಲೆ ಮೇಲೆ ಹಾಲಿಟ್ಟಿದ್ದೆ’ ಅಂತ ಎದ್ದು ಹೋಗಿ. ಪುಸ್ತಕ ಅಲ್ಲೇ ತೆರೆದು ಬಿಟ್ಟಿರಿ. ಇದು ಮೋಸ, ಗೊತ್ತು. ಕೆಲಸ ಮಾಡುತ್ತದೆ. ಮೊದಲ ವಾರ ಆಗದಿದ್ದರೆ ಮೂರನೇ ವಾರ ಆಗುತ್ತದೆ. ಅವನು ಒತ್ತಕ್ಷರ ತಪ್ಪು ಓದಿದರೆ ತಿದ್ದಲು ಹೋಗಬೇಡಿ, ಅದಕ್ಕೆ ಸ್ಕೂಲಿನಲ್ಲಿ ಜನ ಇದ್ದಾರೆ.

ಪ್ರ: ಪಿಯುಸಿ ಓದುತ್ತಿದ್ದೇನೆ. ಇದುವರೆಗೆ ಪಠ್ಯ ಬಿಟ್ಟು ಒಂದೂ ಕನ್ನಡ ಪುಸ್ತಕ ಓದಿಲ್ಲ. ರಜೆಯಲ್ಲಿ ಒಂದೇ ದಿನಕ್ಕೆ ಮುಗಿಯುವಂಥದ್ದು ಹೇಳಿ.
(ಕೋಲಾರ)

ಉ: ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಚಿಕ್ಕದು. ಆ ಹೆಸರಿಗೆ ಏನರ್ಥ ಅಂತ ಡಿಕ್ಷನರಿ ಹುಡುಕಬೇಡ, ಗಾಳಿಪಟದ ದಾರ ಗೋಜಲಾದಾಗ ಇಬ್ಬರು ಮಕ್ಕಳು ಹುಟ್ಟಿಸಿಕೊಂಡ ಮಾತು ಅದು. ದುಡ್ಡು ಬಂದ ಮೇಲೆ ಒಂದು ಮನೆಗೆ ಏನಾಗುತ್ತದೆ ಅನ್ನುವುದು ಕಥೆ. ಅದರಲ್ಲಿ ಇರುವೆಗಳಿರುವ ಭಾಗವನ್ನು ತಿಂಡಿ ತಿನ್ನುತ್ತಾ ಓದಬೇಡ, ಅಷ್ಟೇ. ಎರಡು ದಿನ ಸಿಕ್ಕಿದರೆ ‘ಕರ್ವಾಲೋ’. ಹಾರುವ ಓತಿಯ ಹಿಂದೆ ಹೋದವರು ವಾಪಸ್ ಪಠ್ಯಪುಸ್ತಕಕ್ಕೆ ಬರುವುದು ಸ್ವಲ್ಪ ಕಷ್ಟ, ನಿಮ್ಮ ಲೆಕ್ಚರರ್‌ಗೆ ನನ್ನ ಹೆಸರು ಹೇಳಬೇಡ.

ಪ್ರ: ಪುಸ್ತಕದ ಬೆಲೆ 400, 500 ಆಗಿದೆ. ನಮ್ಮಂಥವರು ಓದುವುದು ಹೇಗೆ?
(ಕೊಪ್ಪಳ)

ಉ: ನಿಮ್ಮ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ದಯೆ ಬೇಡಲು ಅಲ್ಲ, ಹಕ್ಕಿನಿಂದ ಹೋಗಿ. 1965ರ ಕಾಯ್ದೆಯ ಪ್ರಕಾರ ಮನೆ ಕಂದಾಯದ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಅಂತ ಕಟ್ಟುತ್ತಿದ್ದೇವೆ. ರಸೀದಿ ತೆಗೆದು ನೋಡಿ, ಇರುತ್ತದೆ. ಬೇಕಾದ ಪುಸ್ತಕ ಇಲ್ಲದಿದ್ದರೆ ಕೇಳಿ ಬರೆಸಿ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗ ಅದರ ಹೆಸರು ಅರಿವು ಕೇಂದ್ರ. ಮೊಬೈಲಿನಲ್ಲಿ ಓದುವವರಿಗೆ, ಕೇಳುವವರಿಗೆ ಮೈಲ್ಯಾಂಗ್, ಋತುಮಾನ ಆ್ಯಪ್‌ಗಳಿವೆ. ದುಬೈ, ನ್ಯೂಜೆರ್ಸಿಯಿಂದ ‘ಇಲ್ಲಿ ಕನ್ನಡ ಪುಸ್ತಕ ಸಿಗಲ್ಲ’ ಅಂತ ಬರೆದವರಿಗೂ ಇದೇ ಉತ್ತರ.

ಪ್ರ: ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನನ್ನ ಪ್ರತಿ ವರ್ಷದ ಸಂಕಲ್ಪ. ಪ್ರತಿ ವರ್ಷ ನೂರನೇ ಪುಟಕ್ಕೆ ನಿಲ್ಲುತ್ತೇನೆ. ಅಷ್ಟೊಂದು ಜನ, ಅಷ್ಟೊಂದು ಊರು, ಯಾರು ಯಾರ ಮನೆಯವರು ಅಂತಲೇ ಗೊತ್ತಾಗುವುದಿಲ್ಲ.
(ರಾಯಚೂರು)

ಉ: ನೀವು ಪರೀಕ್ಷೆಗೆ ಓದಿದ ಹಾಗೆ ಓದುತ್ತಿದ್ದೀರಿ ಅನ್ನಿಸುತ್ತದೆ. ಹೆಸರು ನೆನಪಿಟ್ಟುಕೊಳ್ಳುವುದು ಬಿಟ್ಟುಬಿಡಿ. ಗುತ್ತಿ ಮತ್ತು ಅವನ ನಾಯಿ ಹುಲಿಯನ ಹಿಂದೆ ನಡೆದುಕೊಂಡು ಹೋಗಿ, ಅಷ್ಟೇ. ಅವರು ಯಾರ ಮನೆ ಮುಂದೆ ನಿಂತರೆ ನೀವೂ ಅಲ್ಲಿ ನಿಲ್ಲಿ. ಮದುವೆಮನೆಗೆ ಹೋದಾಗ ಎಲ್ಲರ ಸಂಬಂಧ ಗೊತ್ತಿಲ್ಲದಿದ್ದರೂ ಊಟ ಮಾಡಿಕೊಂಡು ಬರುತ್ತೇವಲ್ಲ, ಹಾಗೆ. ಪುಟ ಹೋದ ಹಾಗೆ ನಾಗತ್ತೆ ಯಾರು, ಐತ ಪೀಂಚಲು ಯಾರು ಎಲ್ಲ ತಾನಾಗೇ ಗೊತ್ತಾಗುತ್ತದೆ.

2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರು ಇದನ್ನು ರಾತ್ರಿಯಿಡೀ ಒಂಬತ್ತು ಗಂಟೆಯ ನಾಟಕ ಮಾಡಿದರು. ಒಂದು ರಂಗದಿಂದ ಇನ್ನೊಂದಕ್ಕೆ ಪ್ರೇಕ್ಷಕರೇ ಚಾಪೆ, ಶಾಲು ಎತ್ತಿಕೊಂಡು ಹೋಗಬೇಕು. ಅಲ್ಲಿ ನನ್ನ ಪಕ್ಕ ಕೂತಿದ್ದ ಅಜ್ಜಿ ಪುಸ್ತಕ ಓದಿದವರಲ್ಲ. ಬೆಳಗಿನ ಜಾವ ತುಂಗೆಯ ಪ್ರವಾಹ ಬಂದು, ಗುತ್ತಿಯ ಹುಲಿಯ ನೀರುಪಾಲಾದಾಗ, ಅವರು ‘ಅಯ್ಯೋ ನಾಯೀ’ ಅಂತ ಗಟ್ಟಿಯಾಗಿ ಅಂದುಬಿಟ್ಟರು. ಯಾರೂ ನಗಲಿಲ್ಲ. ನೀವು ನೂರನೇ ಪುಟಕ್ಕೆ ನಿಂತರೆ ಹುಲಿಯ ಅಲ್ಲೇ ದಾರಿಯಲ್ಲಿ ನಿಮಗಾಗಿ ಕಾಯುತ್ತಾ ನಿಂತಿರುತ್ತದೆ, ಪಾಪ.

ಪ್ರ: ಮುಂದಿನ ವರ್ಷದ ನಿಮ್ಮ ಪಟ್ಟಿ?
(ಉಡುಪಿ, ಬಳ್ಳಾರಿ, ಮಂಡ್ಯ, ಇನ್ನೂ ಹಲವರು)

ಉ: ಪಟ್ಟಿ ಮಾಡುವ ಅಧಿಕಾರ ಈಗ ನನ್ನ ಕೈಯಲ್ಲಿಲ್ಲ. ಅಮ್ಮನಿಗೆ ಅಕ್ಟೋಬರ್ ಕೊನೆಗೆ ಹೊಸ ಕನ್ನಡಕ ಬಂತು. ಚೆನ್ನಾಗಿ ಕಾಣುತ್ತದೆ, ಪಂಚಾಂಗದ ಸಣ್ಣ ಅಕ್ಷರವನ್ನೂ ಓದುತ್ತಾರೆ. ಇನ್ನು ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮಾರನೇ ಸಂಜೆ ಆರೂವರೆಗೆ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು, ‘ಎಲ್ಲಿಗೆ ಬಂದಿತ್ತು ನಿನ್ನೆ?’ ಅಂದರು.

ಜನವರಿಗೆ ಅವರು ಆರಿಸಿರುವುದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, 1976ರದು. ಚಿಕ್ಕಂದಿನಲ್ಲೇ ಗಂಡ ಹೋಗಿ ಮಡಿಯಾದ ಒಬ್ಬ ಹೆಂಗಸಿನ ನಿಜವಾದ ಬದುಕು ಅದು. ಫಣಿಯಮ್ಮ ತನ್ನ ಕಥೆಯನ್ನು ಇಂದಿರಾ ಅವರ ತಾಯಿಗೆ ಹೇಳಿದ್ದು, ತಾಯಿ ಮಗಳಿಗೆ ಹೇಳಿದ್ದು, ಮಗಳು ಪುಸ್ತಕ ಬರೆದಿದ್ದು. ನಾನೀಗ ಅದನ್ನು ಅಮ್ಮನಿಗೆ ಓದಬೇಕು. ಶುರು ಮಾಡುವ ಮೊದಲು ಒಂದು ಷರತ್ತು ಹಾಕಿದ್ದಾರೆ: ಹೋದ ಸಲದ ಹಾಗೆ ಅಳು ಬಂದ ಕಡೆ ಎರಡೆರಡು ದಿನ ರಜಾ ಹಾಕುವ ಹಾಗಿಲ್ಲ.